ಗ್ರೋಟೆಫೆಂಡ್ ಲೇಖನ ಕಳಿಸಿದವರಿಗೆ

ಪ್ರಿಯರೇ,

ನಿಮ್ಮ ‘ಧೂಳಿನಲ್ಲಿ ಕರಗಿದ ದೀಪ’ ಕೈಸೇರಿ ಮೂರು ವಾರವಾಯಿತು. ಜರ್ಮನಿಯ ಹ್ಯಾನೊವರ್‌ನ ಮೇಷ್ಟ್ರು, ಆಮೇಲೆ ಅಲ್ಲಿಯ ಪತ್ರಾಗಾರದ ಅಧಿಕಾರಿ ಕಾರ್ಲ್ ಲುಡ್ವಿಗ್ ಗ್ರೋಟೆಫೆಂಡ್ (1807–1874) ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದು ನಿಮಗೆ ಅನ್ನಿಸಿದ್ದು ಸಂತೋಷ. ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ. ಹೊಗಳಬೇಕಾದದ್ದು ಇಷ್ಟು.

ಮೊದಲ ಓದಿಗೆ ಸಿಟ್ಟು ಬಂತು. ಎರಡನೆಯ ಓದಿಗೆ ಇನ್ನಷ್ಟು ಬಂತು. ಇಂಥ ವಿಷಯ ಕೈಯಲ್ಲಿಟ್ಟುಕೊಂಡು ಹೀಗೆ ಬರೆಯುವುದೇ ಎಂದು. ನಾಲ್ಕನೆಯ ಪುಟದ ಈ ವಾಕ್ಯ ನೋಡಿ: ‘ತಂದೆಯ ಪ್ರತಿಭೆಯನ್ನು ಬಳುವಳಿಯಾಗಿ ಪಡೆದ ಕಾರ್ಲ್, ಅಪ್ರತಿಮ ಪಾಂಡಿತ್ಯದಿಂದ ಬ್ಯಾಕ್ಟ್ರಿಯಾ ನಾಣ್ಯಗಳ ಅಜ್ಞಾತ ಲಿಪಿಯ ರಹಸ್ಯವನ್ನು ಭೇದಿಸಿದ.’ (ಬ್ಯಾಕ್ಟ್ರಿಯಾ ಎಂದರೆ ಇಂದಿನ ಅಫ್ಘಾನಿಸ್ತಾನದ ಕಡೆ ಗ್ರೀಕ್ ಅರಸರು ಆಳಿದ ಹಳೆಯ ನಾಡು.)

‘ಬಳುವಳಿ’. ತಂದೆ ಗೇಯಾರ್ಗ್ ಫ್ರೀಡ್ರಿಷ್ 1802ರಲ್ಲಿ, ಗಟಿಂಗೆನ್‌ನಲ್ಲಿ ಇಪ್ಪತ್ತೇಳರ ಮೇಷ್ಟ್ರಾಗಿದ್ದಾಗ, ಪರ್ಷಿಯಾದ ಬೆಣೆಲಿಪಿಯ ಬೀಗ ತೆಗೆದವನು. ಅವನಿಗೆ ಮೂರು ಪುಟ ಕೊಟ್ಟಿದ್ದೀರಿ, ಅದನ್ನು ಓದಿಯೇ ತೋರಿಸುತ್ತೇನೆಂದು ಪಂದ್ಯ ಕಟ್ಟಿದ ಕಥೆಯೂ ಸೇರಿ. ಮಗನ ಸಾಧನೆಗೆ ಮೇಲಿನ ಒಂದೇ ವಾಕ್ಯ. ಬಳುವಳಿ ಎಂದರೆ ಏನು ಕೊಟ್ಟರು, ಏನು ತಂದರು ಎಂದು ಹೇಳಬೇಕಲ್ಲವೇ? ಅರಸರು ಎಲ್ಲಿ ಬರೆಸಿದರೂ ಬಿರುದುಬಾವಲಿಗಳನ್ನು ಬಿಡುವುದಿಲ್ಲ, ಆ ಬಿರುದನ್ನು ಹಿಡಿದರೆ ಹೆಸರೂ ಸಿಗುತ್ತದೆ ಎಂಬ ಹಂಚಿಕೆಯಿಂದ ತಂದೆ ಗೆದ್ದದ್ದು. ಮಗನ ನಾಣ್ಯಗಳಲ್ಲೂ ಅದೇ ಹಂಚಿಕೆಗೆ ಜಾಗವಿತ್ತು. ಈ ಎಳೆ ನಿಮ್ಮ ಮೂರು ಪುಟಗಳಲ್ಲಿ ಎಲ್ಲೂ ಇಲ್ಲ.

‘ಅಪ್ರತಿಮ’. ಅಂದರೆ ಸಾಟಿಯಿಲ್ಲದವನು. ಅದೇ ಹೊತ್ತಿಗೆ ಕಲ್ಕತ್ತದಲ್ಲಿ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್, ಜರ್ಮನಿಯ ಬಾನ್‌ನಲ್ಲಿ ಸಂಸ್ಕೃತ ವಿದ್ವಾಂಸ ಕ್ರಿಸ್ಟಿಯನ್ ಲಾಸ್ಸೆನ್ ಅಂಥವೇ ನಾಣ್ಯಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಸಾಟಿ ಇಬ್ಬರಿದ್ದರು ಎನ್ನುವುದೇ ಇಲ್ಲಿಯ ಸ್ವಾರಸ್ಯ. ನಿಮ್ಮ ವಿಶೇಷಣ ಅವರಿಬ್ಬರನ್ನೂ ಕೋಣೆಯಿಂದ ಹೊರಗೆ ಕಳಿಸಿದೆ.

‘ಭೇದಿಸಿದ’. ಹೇಗೆ? ಅಪೊಲೊಡೋಟಸ್ ಎಂಬ ಗ್ರೀಕ್ ಅರಸನ ಚೌಕಾಕಾರದ ಬೆಳ್ಳಿ ನಾಣ್ಯವೊಂದನ್ನು ಓದುಗನ ಅಂಗೈಯಲ್ಲಿಡಿ. ಒಂದು ಮಗ್ಗುಲಲ್ಲಿ ಆನೆ, ಸುತ್ತ ಗ್ರೀಕ್ ಅಕ್ಷರ: ‘ಬಸಿಲಿಯೋಸ್ ಅಪೊಲೊಡೋಟೂ ಸೋಟೀರೋಸ್’. ಕಾಪಾಡುವ ಅರಸ ಅಪೊಲೊಡೋಟಸನದು ಎಂದರ್ಥ. ಮಗುಚಿದರೆ ಹಿಣಿಲೆದ್ದ ಗೂಳಿ, ಸುತ್ತ ಯಾರೂ ಓದಲಾರದ ಅಕ್ಷರ, ಅದೂ ಬಲದಿಂದ ಎಡಕ್ಕೆ. ಇನ್ನೊಬ್ಬ ಅರಸ ಮಿನಾಂಡರನ ನಾಣ್ಯವನ್ನು ಪಕ್ಕದಲ್ಲಿಡಿ. ಹೆಸರು ಬದಲಾಗುತ್ತದೆ, ಬಿರುದು ಬದಲಾಗುವುದಿಲ್ಲ. ಪ್ರತಿ ಪದದ ಕೊನೆಗೂ ಒಂದೇ ಅಕ್ಷರ. ಇಂದು ನಾವು ಅದನ್ನು ‘ಮಹಾರಾಜಸ ತ್ರಾತಾರಸ’ ಎಂದು ಓದುತ್ತೇವೆ. ಆ ‘ಸ’ ಪ್ರಾಕೃತದ ಷಷ್ಠಿ ವಿಭಕ್ತಿ. ಇಷ್ಟು ಸಲೀಸಾಗಿ ಅಂದು ಕಾಣಲಿಲ್ಲ. ಪ್ರಿನ್ಸೆಪ್‌ನಂಥವನೇ ಮೊದಲು ಇದನ್ನು ಹಳೆಯ ಪರ್ಷಿಯಾದ ಪಹ್ಲವಿ ಎಂದು ತಿಳಿದು ಎಡವಿ, 1838ರಲ್ಲಿ ತಿದ್ದಿಕೊಂಡ. ನಮ್ಮ ಮೇಷ್ಟ್ರು 1836ರಲ್ಲಿ ಈ ಲಿಪಿಯ ಮೇಲೆ ಲೇಖನ, 1839ರಲ್ಲಿ ಆ ನಾಣ್ಯಗಳ ಮೇಲೆ ಪುಸ್ತಕ ಪ್ರಕಟಿಸಿದ. ತಂದೆಯೇ ಮುಖ್ಯಸ್ಥನಾಗಿದ್ದ ಶಾಲೆಯಲ್ಲಿ ಪಾಠ ಹೇಳುತ್ತ! (ಆ ಶಾಲೆಯ ಉಪಾಧ್ಯಾಯರ ಕೊಠಡಿಯನ್ನು ಊಹಿಸಿಕೊಂಡು ನಕ್ಕೆ.)

ಆ ಲಿಪಿ ಖರೋಷ್ಠಿ, ಹಳೆಯ ವಾಯವ್ಯ ಭಾರತದ್ದು. ಅದರ ಒಂದು ಪದ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೂ ಇದೆ. ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬರೆದ ಚಪಡ ಬ್ರಾಹ್ಮಿಯಲ್ಲಿ ಎಲ್ಲ ಮುಗಿಸಿ, ಕೊನೆಗೆ ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬುದೊಂದನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಎಡದಿಂದ ಬಂದ ಬರಹ ಅಲ್ಲಿ ಬಲದಿಂದ ತಿರುಗುತ್ತದೆ. ಬಿ. ಎಲ್. ರೈಸ್ ಅದನ್ನು 1892ರಲ್ಲಿ ಕಂಡರು, ಗ್ರೋಟೆಫೆಂಡ್ ತೀರಿಕೊಂಡು ಹದಿನೆಂಟು ವರ್ಷಕ್ಕೆ. ಕನ್ನಡದ ಓದುಗರಿಗೆ ಬರೆಯುವವರು ಇದನ್ನು ಬಿಡಬಹುದೇ?

ಇನ್ನು ಧೂಳಿನ ಮಾತು. ‘ಕೊನೆಗೆ ಶಾಲೆ ತೊರೆದು ಪತ್ರಾಗಾರ ಸೇರಿದ ಆತ, ಧೂಳು ಮುಸುಕಿದ ಕಡತಗಳ ನಡುವೆ ಲೋಕಕ್ಕೆ ಮರೆಯಾದ.’

ನನಗೆ ಇಪ್ಪತ್ತೆರಡು. ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಕೆರೆಯೊಂದು ಒಡೆದ ಇಸವಿ ಖಚಿತವಾಗಬೇಕಿತ್ತು. ಹಿರಿಯ ಉಪಸಂಪಾದಕರು ನನ್ನನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅಟ್ಟಿದರು. ಇಸವಿ ತಂದೆ. ಜೊತೆಗೆ ‘ಧೂಳು ಹಿಡಿದ ಕಡತಗಳ ನಡುವೆ’ ಎಂದು ಆರಂಭವಾಗುವ ಒಂದು ಪ್ಯಾರಾವನ್ನೂ ತಂದೆ. ಅವರು ಕೇಳಿದ್ದು ಒಂದೇ: ‘ಗಂಟು ಕಟ್ಟಿದ್ದ ಬಟ್ಟೆಯ ಬಣ್ಣ ಯಾವುದಯ್ಯಾ?’ ನನಗೆ ನೆನಪಿರಲಿಲ್ಲ. ಮರುದಿನ ನನ್ನ ಖರ್ಚಿನಲ್ಲೇ ಬಸ್ಸು ಹತ್ತಿ ಹೋಗಿ ನೋಡಿದೆ. ಕೆಂಪು. ಅಲ್ಲಿಯ ಗುಮಾಸ್ತರು ನಾನು ಹಿಂದಿನ ದಿನ ಅಡ್ಡಾದಿಡ್ಡಿ ಕಟ್ಟಿಟ್ಟ ಗಂಟನ್ನು ಬಿಚ್ಚಿ, ಹಾಳೆಗಳ ಅಂಚು ಸರಿಮಾಡಿ, ಚೀಟಿ ಹೊರಗೆ ಕಾಣುವಂತೆ ಮತ್ತೆ ಕಟ್ಟುತ್ತಿದ್ದರು. ಧೂಳು ಇದ್ದದ್ದು ನನ್ನ ಪ್ಯಾರಾದಲ್ಲಿ. ಅಂದಿನಿಂದ ಆ ಪದ ಕಂಡರೆ ನನ್ನ ಕಿವಿ ಬಿಸಿಯಾಗುತ್ತದೆ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅದರ ಪಾಲೂ ಇದೆ, ಮನ್ನಿಸಿ.

ಆದರೂ ‘ಮರೆಯಾದ’ ಎನ್ನುವುದನ್ನು ಮನ್ನಿಸಲಾರೆ. ಪತ್ರಾಗಾರದಲ್ಲಿದ್ದಾಗಲೇ, 1863ರಲ್ಲಿ, ರೋಮ್ ಸಾಮ್ರಾಜ್ಯದ ಊರುಗಳನ್ನು ಅಲ್ಲಿಯ ಮೂವತ್ತೈದು ಮತದಾರ ಪಂಗಡಗಳಿಗೆ ಹಂಚಿ ತೋರಿಸುವ ಪುಸ್ತಕ ತಂದ. ರೋಮನ್ನರ ಗೋರಿಕಲ್ಲುಗಳಲ್ಲಿ ತಂದೆಯ ಹೆಸರಿನ ಬಳಿಕ ‘ಕೊರ್’, ‘ಫಾಬ್’ ಎಂಬಂಥ ತುಂಡಕ್ಷರ ಬರುತ್ತದೆ. ಅದು ಪಂಗಡದ ಗುರುತು. ಅಂಥವನ್ನು ಒಂದೊಂದಾಗಿ ಹೆಕ್ಕಿ ಊರಿಗೆ ಜೋಡಿಸಬೇಕು. ಮೇಷ್ಟ್ರು ನಾಣ್ಯದ ಮೇಲೆ ಮಾಡಿದ್ದನ್ನೇ ಪತ್ರಪಾಲಕ ಕಲ್ಲಿನ ಮೇಲೆ ಮಾಡಿದ. ಅದಕ್ಕೂ ಮೊದಲು, 1846ರಲ್ಲಿ, ತತ್ತ್ವಜ್ಞಾನಿ ಲೈಬ್ನಿಜ್ ಮತ್ತು ಫ್ರಾನ್ಸಿನ ದೇವತಾಶಾಸ್ತ್ರಜ್ಞ ಆಂಟ್ವಾನ್ ಆರ್ನೋ ನಡುವಿನ ಪತ್ರಗಳನ್ನು ಹಸ್ತಪ್ರತಿಗಳಿಂದ ಸಂಪಾದಿಸಿ ಅಚ್ಚಿಗೆ ಕೊಟ್ಟವನೂ ಆತನೇ. ಲೈಬ್ನಿಜ್ ಹ್ಯಾನೊವರ್‌ನಲ್ಲಿ ಸತ್ತು ಆಗ 130 ವರ್ಷ. ಪತ್ರಾಗಾರದ ನೌಕರಿ ಸಿಗುವ ಮುಂಚೆಯೇ ಪತ್ರ ಓದುವ ಕಣ್ಣು ಆತನಿಗಿತ್ತು. ಇದೆಲ್ಲ ನಿಮ್ಮ ಕೊನೆಯ ಪುಟದ ಅಡಿಯಲ್ಲಿ, ಪ್ರಕಟಣೆಗಳ ಪಟ್ಟಿಯಲ್ಲಿ, ಸಣ್ಣ ಅಕ್ಷರದಲ್ಲಿದೆ. ಮೇಲೆ ‘ಮರೆಯಾದ’, ಕೆಳಗೆ ಪಟ್ಟಿ. ನಿಮ್ಮ ಪಟ್ಟಿಯನ್ನು ನೀವೇ ಓದಲಿಲ್ಲವೇ?

ಮಿಕ್ಕ ಪುಟಗಳ ಬಗ್ಗೆ ಏನೂ ಬರೆಯುತ್ತಿಲ್ಲ, ಅವು ಇದ್ದರೂ ಬಿದ್ದರೂ ಆದೀತು. ತಂದೆಗೆ ಅರ್ಧ ಪುಟ ಸಾಕು. ನಾಣ್ಯದಿಂದ ಶುರುಮಾಡಿ ಮತ್ತೆ ಬರೆದು ಕಳಿಸಿ, ಚಪಡನಿಗೆ ಜಾಗ ಇಟ್ಟಿರುತ್ತೇನೆ.

ಹಸ್ತಪ್ರತಿಯನ್ನು ಇದರ ಜೊತೆ ಹಿಂದಿರುಗಿಸಿದ್ದೇನೆ. ‘ಧೂಳು’ ಬಂದ ನಾಲ್ಕು ಕಡೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ. ಐದನೆಯದು ಶೀರ್ಷಿಕೆಯಲ್ಲಿದೆ, ಅದನ್ನು ನೀವೇ ಹೊಡೆದುಹಾಕಿ.

ಇಂತು,
ಸಂಪಾದಕ