ಜರ್ಮನ್ನರಿಗೆ ಇಷ್ಟೊಂದು ಹೆಸರು ಯಾಕೆ?

ಜರ್ಮನ್ನರ ಹೆಸರು ಒಂದೊಂದು ಭಾಷೆಯಲ್ಲಿ ಒಂದೊಂದು ಥರ ಯಾಕೆ ಅಂತ ಕೇಳಿದ್ದೀರಿ. ಈ ಹೆಸರುಗಳು ದೇಶಕ್ಕಿಂತ ಹಳೆಯವು. ಜರ್ಮನಿ ಒಂದಾಗಿದ್ದು 1871ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ನೆರೆಯವರು ತಮಗೆ ಗೊತ್ತಿದ್ದ ಒಂದು ಕುಲದ ಹೆಸರನ್ನೇ ಎಲ್ಲರಿಗೂ ಇಟ್ಟರು. ಫ್ರೆಂಚರಿಗೆ ಗೊತ್ತಿದ್ದದ್ದು ಅಲೆಮನ್ನಿ ಕುಲ. ಫಿನ್ಲೆಂಡಿನವರಿಗೆ ಸ್ಯಾಕ್ಸನ್ನರು, ಹಾಗಾಗಿ ಅಲ್ಲಿ ಜರ್ಮನಿ ಅಂದರೆ ‘ಸಕ್ಸಾ’.

ಪೋಲಿಶ್‌ನ ‘ನ್ಯೆಮ್‌ತ್ಸಿ’ ಬೇರೆಯೇ ಕಥೆ. ಅದರ ಬೇರು ‘ಮೂಕ’ ಅನ್ನುವ ಪದ. ನಮ್ಮ ಮಾತು ಬಾರದವರು ಅಂತ! ಹಂಗೇರಿಯವರ ‘ನೇಮೆತ್’ ಕೂಡ ಅಲ್ಲಿಂದಲೇ ಬಂದದ್ದು.

ನನಗೆ ಜಾಸ್ತಿ ಇಷ್ಟ ಇಟಾಲಿಯನ್. ದೇಶ ‘ಜೆರ್ಮಾನಿಯ’, ಆದರೆ ಜನ ‘ತೆದೆಸ್ಕಿ’. ಎರಡಕ್ಕೂ ಸಂಬಂಧವೇ ಇಲ್ಲ, ಅಲ್ವಾ? ‘ತೆದೆಸ್ಕಿ’ಯೂ ಜರ್ಮನ್ನರು ತಮ್ಮನ್ನು ಕರೆದುಕೊಳ್ಳುವ ‘ಡಾಯ್ಚ್’ ಕೂಡ ಒಂದೇ ಬೇರಿನವು. ಆ ಬೇರಿನ ಅರ್ಥ ಸುಮ್ನೆ ‘ಜನ’ ಅಂತ.