ಚೇರ್ ಅದೇ, ಅದರ ಲಿವರ್ ತೋರಿಸೋರು ಯಾರು ಅನ್ನೋದೇ ಬೇರೆ

ಎರಡು ವರ್ಷಕ್ಕೆ ಜರ್ಮನಿಗೆ ಹೋಗ್ತಿದೀನಿ, ಬೆನ್ನುನೋವಿದೆ, ಅಲ್ಲಿನ ಆಫೀಸಲ್ಲಿ ಚೇರು ಟೇಬಲ್ ಎಲ್ಲ ಬೆಂಗಳೂರಿಗಿಂತ ಚೆನ್ನಾಗಿರುತ್ತಾ, ಇಲ್ಲ ಕುಶನ್ ಇಲ್ಲಿಂದ್ಲೇ ಹೊತ್ಕೊಂಡು ಹೋಗ್ಲಾ ಅಂತ ಕೇಳಿದೀರ. ಕುಶನ್ ಬೇಡ, ಲಗೇಜ್ ವೇಸ್ಟು. ಚೇರಿನ ಕಥೆ ಮಾತ್ರ ಸ್ವಲ್ಪ ಉದ್ದ ಇದೆ, ನಾನು ಸ್ಟುಟ್‌ಗಾರ್ಟ್ ಹತ್ರ ಮೂರು ವರ್ಷ ಇದ್ದು ಬಂದೋಳು.

ಮೊದಲ್ನೇ ದಿನ ಅಲ್ಲಿ ಹೋಗಿ ಕೂತಾಗ ನಂಗೆ ನಗುನೇ ಬಂತು. ಬೆಂಗಳೂರಿನ ಔಟರ್ ರಿಂಗ್ ರೋಡ್ ಆಫೀಸಲ್ಲಿ ಇದ್ದಂಥದೇ ಕಪ್ಪು ಮೆಶ್ ಚೇರು, ಸೀಟ್ ಕೆಳಗೆ ಅದೇ ಮೂರು ಲಿವರು. ಬೆಂಗಳೂರಲ್ಲಿ ನಾಲ್ಕು ವರ್ಷ ಅಂಥ ಚೇರಲ್ಲೇ ಕೂತಿದ್ರೂ ಮೇಲೆ ಕೆಳಗೆ ಮಾಡೋ ಲಿವರ್ ಒಂದು ಬಿಟ್ರೆ ಮಿಕ್ಕೆರಡು ಯಾಕಿದಾವೆ ಅಂತ ನಂಗೂ ಗೊತ್ತಿರ್ಲಿಲ್ಲ, ಪಕ್ಕದಲ್ಲಿ ಕೂರ್ತಿದ್ದೋರಿಗೂ ಗೊತ್ತಿರ್ಲಿಲ್ಲ, ಚೇರ್ ಹಂಚಿದ ಅಡ್ಮಿನ್‌ನೋರಿಗೆ ಗೊತ್ತಿತ್ತೋ ಇಲ್ವೋ ದೇವರೇ ಬಲ್ಲ. ಜರ್ಮನೀಲಿ ಎರಡನೇ ವಾರ ಒಬ್ಬ ಹೆಂಗಸು ಟೇಪು, ಒಂದು ಫಾರಂ ಹಿಡ್ಕೊಂಡು ನನ್ನ ಸೀಟಿಗೇ ಬಂದ್ರು. ನಾನು ಐದಡಿ ಒಂದಿಂಚು. ನಾನು ಕೂತಿರೋದನ್ನ ನೋಡಿ, ಒಂದು ಲಿವರ್ ಎಳೆದು ಸೀಟನ್ನೇ ಹಿಂದಕ್ಕೆ ಜಾರಿಸಿದ್ರು. ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ಮಧ್ಯೆ ಮೂರು ಬೆರಳು ಹಿಡಿಸ್ಬೇಕಂತೆ. ಹಂಗೆ ಮಾಡಿದ್ಮೇಲೆ ಬೆನ್ನು ಹೋಗಿ ಹಿಂದಿನ ಒರಗಿಗೆ ತಾಗ್ತು! ಅಷ್ಟು ವರ್ಷ ಸೀಟು ನಂಗೆ ಉದ್ದವಾಗಿ, ಒರಗು ಇದ್ರೂ ಒರಗ್ದೆ ತುದೀಲಿ ಕೂತು ಸೊಂಟ ಹಾಳ್ಮಾಡ್ಕೊಂಡಿದ್ದೆ ಅಂತ ಆಗ ಗೊತ್ತಾಯ್ತು. ಆಮೇಲೆ ಟೇಬಲ್ ಇಳಿಸಿದ್ರು. ಅಲ್ಲಿ ಎತ್ತರ ಬದಲಾಗದ ಟೇಬಲ್ ಸಾಮಾನ್ಯವಾಗಿ 74 ಸೆಂಟಿಮೀಟರ್, ನಮ್ಮಲ್ಲಿ ಮೂವತ್ತಿಂಚು ಅಂದ್ರೆ ಇನ್ನೂ ಎರಡು ಸೆಂಟಿಮೀಟರ್ ಜಾಸ್ತಿನೇ, ನನ್ನಂಥ ಕುಳ್ಳಿಗೆ ಎರಡೂ ಎತ್ತರ. ಬೆಂಗಳೂರಲ್ಲಿ ಕಾಲು ನೇತಾಡುತ್ತೆ ಅಂತಾನೇ ನಾವು ಎಷ್ಟೋ ಜನ ಚೇರ್ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂರ್ತಿದ್ದಿದ್ದು, ಅದನ್ನ ನೋಡಿ ಮ್ಯಾನೇಜರ್ ತಮಾಷೆ ಮಾಡೋರು ಬೇರೆ.

ಆ ಹೆಂಗಸು ಬಂದಿದ್ದು ಕಂಪನಿಗೆ ನನ್ನ ಮೇಲೆ ಪ್ರೀತಿ ಉಕ್ಕಿ ಅಲ್ಲ. 1990ರಲ್ಲೇ ಯುರೋಪಲ್ಲಿ ಕಂಪ್ಯೂಟರ್ ಸ್ಕ್ರೀನ್ ಮುಂದೆ ಕೆಲಸ ಮಾಡೋರಿಗೆ ಅಂತಾನೇ ಒಂದು ನಿರ್ದೇಶನ ಬಂತು, 90/270 ಅಂತ ನಂಬರು. ಯುರೋಪ್ ಒಕ್ಕೂಟದ ಪ್ರತಿ ದೇಶನೂ ಅದನ್ನ ತನ್ನ ಕಾನೂನಾಗಿ ಮಾಡ್ಕೊಳ್ಬೇಕು. ಅದ್ರಲ್ಲಿರೋ ಮುಖ್ಯ ಮಾತು, ಸೀಟ್ ಸರಿಯಿದ್ಯಾ ಅಂತ ನೋಡೋದು ಕಂಪನಿ ಕೆಲಸ, ನೌಕರ ಬಂದು ಕೇಳ್ಲಿ ಅಂತ ಕಾಯೋ ಹಾಗಿಲ್ಲ. ಕಣ್ಣು ಟೆಸ್ಟೂ ಅವರದೇ ಖರ್ಚು, ಸ್ಕ್ರೀನ್ ಕೆಲಸಕ್ಕೆ ಅಂತಾನೇ ಬೇರೆ ಕನ್ನಡಕ ಬೇಕು ಅಂತಾದ್ರೆ ಅದೂ ಅವರದೇ. ಬ್ರಿಟನ್ 1992ರಲ್ಲಿ ಮಾಡ್ಕೊಂಡ ಕಾನೂನು ಬ್ರೆಕ್ಸಿಟ್ ಆದ್ಮೇಲೂ ಹಾಗೇ ಇದೆ. ನೆದರ್ಲೆಂಡ್ಸಲ್ಲಿ ಎರಡು ಗಂಟೆ ಸ್ಕ್ರೀನ್ ನೋಡಿದ್ಮೇಲೆ ಬೇರೆ ಕೆಲಸನೋ ಬ್ರೇಕೋ ಇರ್ಲೇಬೇಕು. ಜರ್ಮನೀಲಿ ಇದ್ರ ಜೊತೆ ಬೆಟ್ರೀಬ್ಸ್‌ರಾಟ್ ಅಂತ ನೌಕರರೇ ಆರಿಸಿದ ಮಂಡಳಿ ಇರುತ್ತೆ (ಎಲ್ಲ ಕಂಪನೀಲೂ ಇರಲ್ಲ, ಇದ್ರೆ ಅದೃಷ್ಟ), ಆರೋಗ್ಯ ಸುರಕ್ಷತೆ ವಿಷಯದಲ್ಲಿ ಅವರ ಮಾತಿಗೆ ಕಾನೂನಿನ ಬಲ ಇದೆ.

ಅಮೆರಿಕದಲ್ಲಿ ಹೀಗೇ ಇರುತ್ತೆ ಅನ್ಕೊಂಡಿದ್ದೆ, ಇಲ್ವಂತೆ. 2000ದ ನವೆಂಬರಲ್ಲಿ ಕ್ಲಿಂಟನ್ ಸರ್ಕಾರ ದೇಶಕ್ಕೆಲ್ಲ ಒಂದು ಎರ್ಗೊನಾಮಿಕ್ಸ್ (ಅಂದ್ರೆ ಕೆಲಸದ ಜಾಗನ ಮೈಗೆ ಹೊಂದಿಸೋ) ನಿಯಮ ತಂತು, 2001ರ ಮಾರ್ಚಲ್ಲಿ ಕಾಂಗ್ರೆಸ್ಸೇ ಅದನ್ನ ಹೊಡೆದುಹಾಕ್ತು, ನಾಲ್ಕು ತಿಂಗಳ ಬಾಳು. ಹಾಗಂತ ಅಲ್ಲಿ ಒಳ್ಳೆ ಚೇರ್ ಸಿಗಲ್ಲ ಅಂತಲ್ಲ, ನ್ಯೂಜೆರ್ಸೀಲಿರೋ ನಮ್ಮ ದೊಡ್ಡಮ್ಮನ ಮಗ ಒಂದು ಫಾರಂ ತುಂಬಿದ್ದಕ್ಕೆ ನಿಂತು ಕೆಲಸ ಮಾಡೋ ಟೇಬಲ್ ಬಂತು, ಆದ್ರೆ ಅದು ನಾಳೆ ಬೆನ್ನುನೋವು ಅಂತ ಪರಿಹಾರಕ್ಕೆ ಕ್ಲೇಮ್ ಹಾಕಿಬಿಟ್ರೆ ಅನ್ನೋ ಕಂಪನಿ ಭಯಕ್ಕೆ ಅಂತ ಅವನೇ ನಗ್ತಾನೆ.

ಜಪಾನಿಗೆ ಮೂರು ವಾರ ಕ್ಲೈಂಟ್ ಹತ್ರ ಹೋಗಿದ್ದೆ. ಟೇಬಲ್‌ಗಳು ಎದುರುಬದುರು ಅಂಟಿಸಿಟ್ಟು ಇಕ್ಕಟ್ಟೋ ಇಕ್ಕಟ್ಟು, ಚೇರೂ ಸಾದಾ. ಆದ್ರೆ ಬೆಳಗ್ಗೆ ಪಿಯಾನೋ ಶುರುವಾಗಿದ್ದೇ ತಡ, ಐವತ್ತು ದಾಟಿದ ಸೂಟುಧಾರಿಗಳೆಲ್ಲ ಎದ್ದು ಕೈ ಎತ್ತಿ ಇಳಿಸ್ತಾರೆ. ರೇಡಿಯೋ ತೈಸೋ ಅಂತ, ರೇಡಿಯೋ ಹಾಕ್ಕೊಂಡು ಮಾಡೋ ವ್ಯಾಯಾಮ, 1928ರಿಂದ ಇದೆ. ಒಂದು ಗಂಟೆಗಿಂತ ಜಾಸ್ತಿ ಒಂದೇ ಸಮ ಸ್ಕ್ರೀನ್ ನೋಡ್ಬೇಡಿ, ಮಧ್ಯೆ ಹತ್ತು ಹದಿನೈದು ನಿಮಿಷ ಬಿಡಿ ಅಂತ ಅವರ ಸರ್ಕಾರದ ಮಾರ್ಗಸೂಚಿನೂ ಇದೆ, ನಾನಿದ್ದ ಕಡೆ ಅದನ್ನ ಯಾರೂ ಕ್ಯಾರೇ ಅಂತಿರ್ಲಿಲ್ಲ.

ನಮ್ಮಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು. ಬೆನ್ನು ಹಿಡ್ಕೊಂಡ ಮೇಲೆ ಆರ್ಥೋ ಹತ್ರ ಹೋಗಿ ಸರ್ಟಿಫಿಕೇಟ್ ತಂದು, ಆಫೀಸ್ ಸಿಸ್ಟಮಲ್ಲಿ ಟಿಕೆಟ್ ಅಂದ್ರೆ ಅರ್ಜಿ ಹಾಕಿ, ಮ್ಯಾನೇಜರ್ ಅಪ್ರೂವಲ್ ಬಂದ್ರೆ ಫುಟ್‌ರೆಸ್ಟ್. ನಂಗೆ ಬರೋಷ್ಟರಲ್ಲಿ ನಾನು ಮನೆಯಿಂದ ಊಟದ ಮಣೆನೇ ತಂದಿಟ್ಕೊಂಡಿದ್ದೆ, ಮಾನಿಟರ್ ಕೆಳಗೆ ಎ4 ಪೇಪರ್ ಬಂಡಲ್ ಎರಡು. ಅದೂ ಐಟಿ ಆಗಿದ್ದಕ್ಕೆ ಇಷ್ಟು. ಸೀರೆ ಅಂಗಡೀಲಿ ದಿನವಿಡೀ ನಿಂತೇ ಇರೋ ಹೆಣ್ಮಕ್ಕಳಿಗೆ ಕೂರೋ ಹಕ್ಕು ಅಂತ ಕೇರಳ ಕಾನೂನು ತಂದಿದ್ದು 2018ರಲ್ಲಿ, ತಮಿಳುನಾಡು 2021ರಲ್ಲಿ, ಅದರ ಮುಂದೆ ನಮ್ಮ ಮೆಶ್ ಚೇರಿನ ಗೋಳು ಏನೂ ಅಲ್ಲ ಬಿಡಿ.

ಈಗ ನಿಮಗೆ ಬೇಕಾಗಿರೋದು. ಹೋದ ತಕ್ಷಣ ಕನ್ನಡಕ ಮಾಡಿಸ್ಬೇಡಿ, ಮೊದ್ಲು ಕಂಪನಿ ಡಾಕ್ಟ್ರನ್ನ ನೋಡಿ, ಅವರು ಬರೆದುಕೊಟ್ಟ ಮೇಲೆ ಮಾಡ್ಸಿ, ಇಲ್ಲಾಂದ್ರೆ ದುಡ್ಡು ವಾಪಸ್ ಬರೋದು ಕಷ್ಟ. ಬೇಸಿಗೇಲಿ ಎಸಿ ಇರುತ್ತೆ ಅನ್ನೋ ಆಸೆ ಇಟ್ಕೋಬೇಡಿ, ಎಷ್ಟೋ ಆಫೀಸಲ್ಲಿ ಕಿಟಕಿ ತೆಗೆಯೋದೊಂದೇ ದಾರಿ. ಮತ್ತೆ ಸಹಿ ಹಾಕೋ ಮುಂಚೆ ಕಾಂಟ್ರ್ಯಾಕ್ಟಲ್ಲಿ ಮನೆಯಿಂದ ಕೆಲಸಕ್ಕೆ ಯಾವ ಪದ ಹಾಕಿದಾರೆ ನೋಡಿ. ಟೆಲೆಆರ್ಬೈಟ್ ಅಂತಿದ್ರೆ ಮನೆಗೂ ಟೇಬಲ್ ಚೇರ್ ಕಂಪನಿನೇ ಕೊಡ್ಬೇಕು, ಮೊಬೈಲೆಸ್ ಆರ್ಬೈಟನ್ ಅಂತಿದ್ರೆ ಆ ಜವಾಬ್ದಾರಿ ಇಲ್ಲ. ನಂದು ಎರಡನೇದಾಗಿತ್ತು, ನಾನು ಓದಿರ್ಲಿಲ್ಲ. ಹಾಗಾಗಿ ಆಫೀಸಲ್ಲಿ ಟೇಪ್ ಹಿಡಿದು ಅಳತೆ ಮಾಡ್ಸಿಕೊಂಡ ನಾನೇ ವಾರಕ್ಕೆರಡು ದಿನ ಮನೇಲಿ ಊಟದ ಟೇಬಲ್ ಮುಂದೆ, ಲ್ಯಾಪ್‌ಟಾಪ್ ಕೆಳಗೆ ಅದೇ ಎ4 ಬಂಡಲ್ ಇಟ್ಕೊಂಡು ಕೂರ್ತಿದ್ದೆ.