ಲೆಕ್ಕಕ್ಕೆ ಸಿಗದ ಆಟ

“ಕಳೆದ ಸಂಚಿಕೆಯಲ್ಲಿ ಡಿಫೆನ್ಸ್ ಮುಂದೆ ನಿಂತು ಆಡುತ್ತಿದ್ದ ಫ್ರಾನ್ಸ್‌ನ ಫುಟ್‌ಬಾಲ್ ಆಟಗಾರ ಕ್ಲೋಡ್ ಮಕೆಲೆಲೆಯನ್ನು ಬಾಯ್ತುಂಬ ಹೊಗಳಿದ್ದೀರಿ. ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಕ್ಲಬ್ ಪರ ಲೀಗ್‌ನಲ್ಲಿ ಆತ ಒಂದು ಗೋಲೂ ಹೊಡೆದಿಲ್ಲ. ಅಂಕಿಅಂಶವಿಲ್ಲದ ಹೊಗಳಿಕೆ ಸುಮ್ನೆ ಅಭಿಮಾನ ಅಲ್ವಾ?”
– ಓದುಗರೊಬ್ಬರು, ಬೆಂಗಳೂರು

ಪ್ರಿಯ ಓದುಗರೇ,

ನಿಮ್ಮ ಲೆಕ್ಕ ಸರಿ. ಮೂರು ಸೀಸನ್ ಆಡಿದರೂ ಲೀಗ್‌ನಲ್ಲಿ ಅವರ ಹೆಸರಿನ ಮುಂದೆ ಇರುವುದು ಸೊನ್ನೆಯೇ. 2003ರಲ್ಲಿ ಕ್ಲಬ್ ಅಧ್ಯಕ್ಷ ಫ್ಲೋರೆಂಟಿನೊ ಪೆರೆಸ್ ಕೂಡ ಅವರ ಪಾಸ್ ಮೂರು ಮೀಟರ್ ದಾಟುವುದೇ ಅಪರೂಪ ಎಂದಿದ್ದರು. ಸಂಬಳ ಜಾಸ್ತಿ ಕೇಳಿದ್ದ ಮಕೆಲೆಲೆ ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ಗೆ ಹೋದರು. ಮ್ಯಾಡ್ರಿಡ್‌ನಲ್ಲಿ ಜಿದಾನ್, ಫಿಗೊ, ಬ್ರೆಜಿಲ್‌ನ ರೊನಾಲ್ಡೊ, ಹೊಸದಾಗಿ ಬಂದ ಬೆಕಮ್ ಎಲ್ಲರೂ ಇದ್ದರು. ಆದರೂ ಮತ್ತೆ ಲೀಗ್ ಗೆದ್ದದ್ದು 2007ರಲ್ಲಿ. ಅತ್ತ ಚೆಲ್ಸಿ 2004-05ರಲ್ಲಿ 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 15 ಗೋಲು.

ಗೋಲ್‌ಕೀಪರ್ ಚೆಕ್, ಡಿಫೆನ್ಸ್‌ನಲ್ಲಿ ಟೆರ್ರಿ ಇದ್ದರು, ನಿಜ. ಆದರೆ ಎದುರಾಳಿ ಚೆಂಡು ಕೊಡಬೇಕು ಅಂದುಕೊಂಡ ಜಾಗದಲ್ಲಿ ಮಕೆಲೆಲೆ ಮೊದಲೇ ಬಂದು ನಿಂತಿರುತ್ತಿದ್ದರು. ಎದುರಾಳಿ ಬೇರೆ ದಾರಿಯಿಲ್ಲದೆ ಚೆಂಡನ್ನು ಹಿಂದಕ್ಕೆ ಕೊಡುತ್ತಿದ್ದ. ಟ್ಯಾಕಲ್ ಆಗಲಿಲ್ಲ, ಚೆಂಡು ಕಸಿದದ್ದೂ ಆಗಲಿಲ್ಲ. ಇದನ್ನು ಯಾವ ಪಟ್ಟಿಯಲ್ಲಿ ಬರೆಯೋಣ?

ಇನ್ನೊಂದು ದೃಶ್ಯ ನನ್ನ ಕಣ್ಣಿಂದ ಹೋಗುವುದೇ ಇಲ್ಲ. 2002ರ ವಿಶ್ವಕಪ್ ಫೈನಲ್, ಬ್ರೆಜಿಲ್–ಜರ್ಮನಿ, ಜಪಾನಿನ ಯೊಕೊಹಾಮ, 79ನೇ ನಿಮಿಷ. ಬಲಗಡೆಯಿಂದ ಬ್ರೆಜಿಲ್‌ನ ಕ್ಲೆಬರ್ಸನ್ ಚೆಂಡನ್ನು ಒಳಗೆ ತಳ್ಳುತ್ತಾರೆ. ಎಲ್ಲರ ಕಣ್ಣೂ ಅವರ ಜೊತೆಗಾರ ರಿವಾಲ್ಡೊ ಮೇಲೆ. ಇನ್ನೇನು ಒದೆಯುತ್ತಾರೆ ಅನ್ನುವಾಗ ಕಾಲಗಲಿಸಿ ಚೆಂಡನ್ನು ಹೋಗಲು ಬಿಡುತ್ತಾರೆ. ಜರ್ಮನಿಯ ಡಿಫೆಂಡರ್ ಮೋಸಹೋಗುತ್ತಾರೆ. ಹಿಂದಿದ್ದ ರೊನಾಲ್ಡೊಗೆ ಚೆಂಡು ನಿಲ್ಲಿಸಿ, ಮೂಲೆ ನೋಡಿ ಹೊಡೆಯುವಷ್ಟು ಬಿಡುವು. ಗೋಲು ರೊನಾಲ್ಡೊ ಹೆಸರಿಗೆ, ಪಾಸ್ ಕ್ಲೆಬರ್ಸನ್ ಹೆಸರಿಗೆ. ರಿವಾಲ್ಡೊ ಚೆಂಡು ಮುಟ್ಟಲೇ ಇಲ್ಲ. ನನ್ನನ್ನು ಕೇಳಿದರೆ ಅರ್ಧ ಗೋಲು ಅವರದು.

ಅಂಕಿಗಳ ಮೇಲೆ ನನಗೆ ಕೋಪವಿಲ್ಲ. ಸ್ಟ್ರೈಕರ್ ಗೋಲು ಹೊಡೆಯದಿದ್ದಾಗ, ಒಳ್ಳೆಯ ಅವಕಾಶವೇ ಸಿಕ್ಕಿರಲಿಲ್ಲವೋ, ಸಿಕ್ಕಿದ್ದನ್ನು ಕೈಚೆಲ್ಲಿದರೋ ಎಂದು ತಿಳಿಯಲು ‘ಎಕ್ಸ್‌ಪೆಕ್ಟೆಡ್ ಗೋಲ್ಸ್’ (ಸಿಕ್ಕ ಅವಕಾಶಗಳು ಗೋಲಾಗುವ ಸಾಧ್ಯತೆಯ ಲೆಕ್ಕ) ನಾನೂ ನೋಡುತ್ತೇನೆ. ಆದರೆ ಇಂಥ ಲೆಕ್ಕಗಳು ಹೆಚ್ಚಾಗಿ ಚೆಂಡಿನ ಸುತ್ತಲೇ ಓಡಾಡುತ್ತವೆ. 90 ನಿಮಿಷದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಎರಡೋ ಮೂರೋ ನಿಮಿಷ. ಉಳಿದ ಹೊತ್ತೆಲ್ಲ ಅವರು ಏನು ಮಾಡುತ್ತಿದ್ದರು? ಟೀವಿ ಕ್ಯಾಮೆರಾ ಕೂಡ ಅದನ್ನು ತೋರಿಸುವುದು ಕಡಿಮೆ.

ನೀವು ಬೆಂಗಳೂರಿನಲ್ಲೇ ಇದ್ದೀರಿ. ಮುಂದಿನ ಸಲ ಕಂಠೀರವದಲ್ಲಿ ಪಂದ್ಯಕ್ಕೆ ಹೋದಾಗ ಮೇಲಿನ ಸಾಲಿನಲ್ಲಿ ಕೂತು, ಹತ್ತು ನಿಮಿಷ ಚೆಂಡನ್ನು ಮರೆತುಬಿಡಿ. ಡಿಫೆನ್ಸ್ ಮುಂದೆ ಆಡುವವರೊಬ್ಬರನ್ನೇ ನೋಡಿ. ಕತ್ತು ಎಷ್ಟು ಸಲ ತಿರುಗಿಸುತ್ತಾರೆ, ಯಾರಿಗೆ ಕೈಸನ್ನೆ ಮಾಡುತ್ತಾರೆ, ಯಾವಾಗ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ ಅಂತ. ನೋಡಿ ಬಂದು ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ